ಪಾಯಿಂಟ್ ಯಾರು ಮಾಡಿದ್ದು?

ಮೊನ್ನೆ ಮಂಗಳವಾರ ರಾತ್ರಿ ಚಿಕ್ಕಪ್ಪನ ಹೊಲದಲ್ಲಿ ಬೋರ್‌ವೆಲ್ ಕೊರೆಸಿದರು. ಚಿಂತಾಮಣಿ ಕಡೆ ಅಂದಮೇಲೆ ಗೊತ್ತಲ್ಲ. 1,150 ಅಡಿ ಇಳಿದರೂ ಬರೀ ಬೂದು ಪುಡಿ. ಲಾರಿ ಲೈಟಿನಲ್ಲಿ ಎಲ್ಲರ ಹುಬ್ಬು, ಮೀಸೆ ಬೆಳ್ಳಗಾಗಿತ್ತು.

ನಾನು ಮುಂಬೈ ಹೈನಲ್ಲಿ, ಅಂದರೆ ಮುಂಬೈ ಆಚೆ ಸಮುದ್ರದೊಳಗಿನ ಎಣ್ಣೆ ಬಾವಿಗಳ ಜಾಗದಲ್ಲಿ, ಹದಿನಾಲ್ಕು ದಿನದ ಡ್ಯೂಟಿ ಮುಗಿಸಿ ರಜೆಗೆ ಬಂದಿದ್ದೆ. ನಾನು ಕೊರೆಯುವವನಲ್ಲ, ಬಂದ ಎಣ್ಣೆಯಿಂದ ಗ್ಯಾಸು, ನೀರು ಬೇರೆ ಮಾಡುವ ಕಡೆ ಇರುವವನು. ಊರಲ್ಲಿ ಆ ವ್ಯತ್ಯಾಸ ಯಾರಿಗೆ ಬೇಕು? "ನೀನೂ ಬೋರ್ ಹೊಡೆಯೋನೇ ಅಲ್ವೇನಪ್ಪಾ" ಅಂತ ಚಿಕ್ಕಪ್ಪ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು.

"ಅಲ್ಲಿ ಪಾಯಿಂಟ್ ಯಾರು ಮಾಡಿದ್ದು?" ಅಂದರು. ಎಲ್ಲಿ ಕೊರೆಯಬೇಕು ಅಂತ ಜಾಗ ಗುರುತು ಮಾಡೋದೇ ಪಾಯಿಂಟ್.

ರಷ್ಯಾದವರ ಹಡಗು, ಅಂದೆ. 1960ರ ದಶಕದಲ್ಲಿ ಸಮುದ್ರದ ಮೇಲಿಂದ ಸದ್ದು ಹೊಡೆದು, ತಳದೊಳಗಿಂದ ವಾಪಸ್ ಬಂದ ಅಲೆ ಹಿಡಿದು, ಕೆಳಗೆ ಗುಡ್ಡದ ಹಾಗೆ ಉಬ್ಬಿದ ಕಲ್ಲಿನ ಪದರ ಇದೆ ಅಂತ ಗುರುತು ಮಾಡಿದರು. 1974ರಲ್ಲಿ ಸಾಗರ್ ಸಾಮ್ರಾಟ್ ರಿಗ್ ಕೊರೆದಾಗ ಎಣ್ಣೆ ಸಿಕ್ಕಿತು. 1976ಕ್ಕೆ ತೆಗೆಯೋಕೂ ಶುರು. ಚಿಕ್ಕಪ್ಪನ ಪಾಯಿಂಟಿನವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದ್ದ. ಕಾಯಿ ಎದ್ದು ನಿಂತಿತಂತೆ. ಫೀಸು ಮೊದಲೇ ಇಸ್ಕೊಂಡಿದ್ದ. ನನಗೆ ಕೋಪ ಅವನೊಬ್ಬನ ಮೇಲೆ, ರಾತ್ರಿಯೆಲ್ಲ ಧೂಳು ಕುಡಿಯುವ ರಿಗ್ ಹುಡುಗರ ಮೇಲಲ್ಲ.

"ಎಣ್ಣೆ ಬೀಳದಿದ್ರೆ?"

"ಸಿಮೆಂಟ್ ಹಾಕಿ ಮುಚ್ಚಿ ಮುಂದಕ್ಕೆ ಹೋಗ್ತಾರೆ."

"ದುಡ್ಡು?"

"ಕಂಪನಿದು."

"ಕಂಪನಿದು" ಅಂತ ಅವರೂ ಒಂದ್ಸಲ ಅಂದು ನೋಡಿದರು. ರುಚಿ ನೋಡಿದ ಹಾಗೆ.

ಆ ಒಂದು ಪದ ನಾಲ್ಕು ದಿನದಿಂದ ಕಿವಿಯಲ್ಲೇ ಇದೆ. ದುಡ್ಡಿನ ಮಾತು ಬಿಡಿ. ಸಮುದ್ರದಲ್ಲಿ ಬಾವಿ ಫೇಲ್ ಆದರೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಬಂದ ಕಲ್ಲಿನ ಚೂರನ್ನು ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಎಷ್ಟು ಆಳದಲ್ಲಿ ಏನಿತ್ತು ಅಂತ ಬರೆಯೋಕೆ ಒಬ್ಬರು ಕೂತಿರುತ್ತಾರೆ. ಪ್ಲಾಟ್‌ಫಾರಂ ಎಲ್ಲಿ ನಿಲ್ಲಿಸಬೇಕು, ಎಷ್ಟು ಬಾವಿ ಬೇಕು, ಪೈಪ್‌ಲೈನ್ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆಲ್ಲ ಆ ಬರಹವೂ ಬೇಕು. ಇಲ್ಲಿ ನಮ್ಮ ಪುಡಿ ಗಾಳಿಗೆ ಹಾರಿ ಪಕ್ಕದವರ ಟೊಮೆಟೊ ಗಿಡದ ಮೇಲೆ ಕೂತಿತು. ಆ ಪಕ್ಕದವರದೇ ಮೂರು ಬೋರ್ ಫೇಲ್ ಆಗಿವೆ. ಎಷ್ಟಡಿಗೆ ಬಂಡೆ ಬಂತು, ಎಲ್ಲಿ ತೇವ ಕಂಡಿತ್ತು ಅಂತ ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಚಿಕ್ಕಪ್ಪನಿಗೆ ಒಂದು ವಿಷಯ ಹೇಳೋಕೆ ಬಾಯಿ ಬರಲಿಲ್ಲ. ಎಣ್ಣೆ ತೆಗೆದ ಹಾಗೆಲ್ಲ ಒಳಗಿನ ಒತ್ತಡ ಇಳಿಯುತ್ತದೆ. ಅದಕ್ಕೇ ಸಮುದ್ರದ ನೀರನ್ನು ಸೋಸಿ, ಬೇರೆ ಬಾವಿಗಳಿಂದ ಕೆಳಕ್ಕೆ ಒತ್ತುತ್ತೇವೆ. ತೆಗೆದ ಜಾಗ ತುಂಬಬೇಕಲ್ಲ. ಅಲ್ಲಿ ದಿನವೂ ನೀರನ್ನು ನೆಲದೊಳಗೆ ಹಾಕುವವನು ನಾನು, ಇಲ್ಲಿ ನೀರಿಗಾಗಿ ಪೈಪಿನ ಬಾಯಿ ನೋಡುತ್ತ ನಿಂತಿದ್ದೆ.

1,200 ಅಡಿಗೆ ಏಜೆಂಟ್ ಬಂದು ಬಿಲ್ ಲೆಕ್ಕ ಹೇಳಿದ. ಚಿಕ್ಕಪ್ಪ ಅವನ ಕಡೆ ನೋಡಲೇ ಇಲ್ಲ. ನನ್ನನ್ನೇ ಕೇಳಿದರು.

"ಇನ್ನೊಂದು ಸ್ವಲ್ಪ ಹೋಗೋಣ್ವಾ?"

"ಬೇಡ ಚಿಕ್ಕಪ್ಪ. ಸಾಕು."

ತಲೆ ಆಡಿಸಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ರಿಗ್ ಹುಡುಗನ ಕಡೆ ತಿರುಗಿ, "ಇನ್ನೆರಡು ರಾಡ್ ಇಳಿಸಪ್ಪಾ" ಅಂದರು.