ಮರಿಮೀನಿಗೆ ಮೊದಲ ಊಟ ಯಾವಾಗ ಹಾಕ್ಬೇಕು?

ಗೋಲ್ಡ್‌ಫಿಶ್ ಮೊಟ್ಟೆ ಒಡೆದು ಮರಿ ಆಚೆ ಬಂತು ಅಂದ್ರೆ ಸಾಕು, ನಮ್ಮ ಬೆಂಗಳೂರಿನ ಅಕ್ವೇರಿಯಂ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, "ಗುರು, ತಿನ್ನಕ್ಕೆ ಏನ್ ಹಾಕ್ಲಿ?" ಏನೂ ಹಾಕ್ಬೇಡ ಗುರು, ಅದಕ್ಕೆ ಇನ್ನೂ ಬಾಯೇ ತೆರ್ದಿಲ್ಲ.

ಹೊಟ್ಟೆ ಕೆಳಗಿರೋ ಹಳದಿ ಚೀಲ ತವರಿಂದ ಕಟ್ಕೊಟ್ಟ ಬುತ್ತಿ ಇದ್ದಂಗೆ. ಅದ್ರಲ್ಲಿ ಬರೀ ಪ್ರೋಟೀನು ಕೊಬ್ಬು ಅಷ್ಟೇ ಅಲ್ಲ, ತಾಯಿಯ ಥೈರಾಯ್ಡ್ ಹಾರ್ಮೋನು, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಇರುತ್ತೆ. ಹಾರ್ಮೋನ್ ಅಂದ್ರೆ ಮೀನು ಸಾಕೋರಿಗೆ ಇಂಜೆಕ್ಷನ್ನೇ ನೆನಪಾಗೋದು, 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವ್ರು ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ರಸ ಚುಚ್ಚಿ ಗೆಂಡೆ ಮೀನಿಂದ ಮೊಟ್ಟೆ ಇಡಿಸಿದ್ರಲ್ಲ, ಅದು. ಆದ್ರೆ ಮೊಟ್ಟೆ ಒಳಗಡೆ ನಡೆಯೋದು ಬೇರೇನೆ. ಭ್ರೂಣಕ್ಕೆ ಸ್ವಂತ ಥೈರಾಯ್ಡ್ ಇನ್ನೂ ಆಗಿರಲ್ಲ, ಅಲ್ಲೀವರೆಗೆ ಅಮ್ಮ ಕೊಟ್ಟಿದ್ರಲ್ಲೇ ನಡೀಬೇಕು. ಕಾರ್ಟಿಸಾಲ್ ಬಹಳಷ್ಟು ಮೀನುಗಳಲ್ಲಿ ಮೊಟ್ಟೆ ಒಡೆಯೋ ಹೊತ್ತಿಗೆ ತಳ ಕಂಡಿರುತ್ತೆ, ಆಮೇಲೆ ಮರಿ ತಾನೇ ತಯಾರು ಮಾಡ್ಕೊಳ್ಳೋಕೆ ಶುರು ಮಾಡಿದಂಗೆ ಮತ್ತೆ ಏರುತ್ತೆ. ಅದಕ್ಕೇ ಮೊಟ್ಟೆ ಇಡೋ ಹೆಣ್ಣು ಮೀನನ್ನ ಪದೇಪದೇ ಬಲೆ ಹಾಕಿ ಹಿಡಿದು ಫೋಟೋ ತೆಗೀಬೇಡಿ ಅನ್ನೋದು, ಅದರ ಒತ್ತಡದ ಲೆಕ್ಕ ಮೊಟ್ಟೆಗೂ ಹೋಗ್ಬಹುದು.

ಮೊಟ್ಟೆ ಒಡೆಯೋದೂ ಬರೀ ಒದ್ದಾಟದಿಂದಲ್ಲ, ಮರಿಯ ಮೈಮೇಲಿನ ವಿಶೇಷ ಗ್ರಂಥಿಗಳು ಒಂದು ಕಿಣ್ವ (ಎನ್ಜೈಮ್) ಬಿಟ್ಟು ಪೊರೇನ ಒಳಗಿಂದ ಕರಗಿಸ್ತವೆ. ನಮ್ಮೂರ ಡಿಸೆಂಬರ್ ಚಳೀಲಿ ಇದೆಲ್ಲ ನಿಧಾನ.

ಈಗ ಊಟಕ್ಕೆ ಬರೋಣ. ಜೀರ್ಣದ ಕಿಣ್ವಗಳು ಎಲ್ಲಾ ಒಟ್ಟಿಗೆ ಬರಲ್ಲ. ಪ್ರೋಟೀನ್ ಅರಗಿಸೋ ಕಿಣ್ವಗಳಲ್ಲಿ ಮೊದಲು ಮೇದೋಜೀರಕದ ಟ್ರಿಪ್ಸಿನ್, ಪೆಪ್ಸಿನ್ ಬರೋದು ಜಠರದ ಗ್ರಂಥಿ ಆದ್ಮೇಲೆ, ಕ್ಯಾಟ್‌ಫಿಶ್ ಮರೀಲಿ ಹಂಗೇನೆ. ಗೋಲ್ಡ್‌ಫಿಶ್, ರೋಹು, ಕಾಟ್ಲಾ ಇವಕ್ಕಂತೂ ಜಠರನೇ ಇಲ್ಲ, ಪೆಪ್ಸಿನ್ ಮಾತೇ ಇಲ್ಲ, ಜೀವನಪೂರ್ತಿ ಕರುಳಲ್ಲೇ ಸಂಸಾರ. ಕರುಳಿನ ಗೋಡೆ ಕಿಣ್ವಗಳು, ಆಲ್ಕಲೈನ್ ಫಾಸ್ಫಟೇಸ್ ಥರದ್ದು, ಏರಿದ್ಮೇಲೇ ಕರುಳು ಪಕ್ವ ಆಗ್ತಿದೆ ಅಂತ ಲೆಕ್ಕ. ಅಲ್ಲೀವರೆಗೆ ಒಣ ಪೌಡರ್ ಸುರಿದ್ರೆ ಅರ್ಧಂಬರ್ಧ ಜೀರ್ಣ ಆಗುತ್ತೆ, ಉಳಿದಿದ್ದು ಕೊಳೆತು ಅಮೋನಿಯಾ.

ಮರಿಗಳು ಗಾಜಿಗೆ ಅಂಟ್ಕೊಂಡು ನೇತಾಡೋದು ಬಿಟ್ಟು ನೆಟ್ಟಗೆ ಈಜಾಡೋಕೆ ಶುರು ಮಾಡ್ಲಿ, ಆಮೇಲೆ ಇನ್ಫುಸೋರಿಯಾ (ನೀರಲ್ಲಿರೋ ಸೂಕ್ಷ್ಮಜೀವಿಗಳು) ಇಲ್ಲಾ ಆಗ್ತಾನೆ ಮೊಟ್ಟೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟಾಣಿ ಸಿಗಡಿ) ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರ್ನಾಲ್ಕು ಸಲ. ಕೋಳಿ ಮೊಟ್ಟೆ ಹಳದಿ ಕದಡಿ ಹಾಕೋರೂ ಇದ್ದಾರೆ, ಹಾಕಿ ಬೇಕಾದ್ರೆ, ಸಂಜೆ ನೀರು ಬದಲಾಯಿಸೋಕೆ ಸೋಮಾರಿತನ ಇಲ್ಲ ಅನ್ನೋದಾದ್ರೆ ಮಾತ್ರ.