ಛತ್ರದ ಕರೆಂಟು, ಹಳೇ ಹಾಡಿನ ನಡೆ

ಬೆಂಗಳೂರು ವಿಜಯನಗರದ ಒಂದು ಛತ್ರ. ಸಂಜೆ ವರಪೂಜೆ, ಅದರ ಹಿಂದೆಯೇ ಆರತಕ್ಷತೆ. ಟಾಟಾ ಏಸ್‌ನಿಂದ ನಮ್ಮ ಡಿಜೆ ಸಾಮಾನು ಇಳಿದಾಗ ಮಧ್ಯಾಹ್ನ ಎರಡೂವರೆ. ಏಳು ಗಂಟೆಯ ಕಾರ್ಯಕ್ರಮಕ್ಕೆ ಇಷ್ಟು ಬೇಗ ಯಾಕೆ ಬಂದ್ರಿ ಅಂತ ಛತ್ರದ ಮ್ಯಾನೇಜರ್ ಕೇಳಿದರು. ಕಾರಣ ವಾಲಗ. ವಾಲಗದವರು ನಾಲ್ಕೂವರೆಗೆ ಕೂತರು ಅಂದರೆ ವರಪೂಜೆ ಮುಗಿಯುವ ತನಕ ನಮ್ಮ ಸ್ಪೀಕರಿನಿಂದ ಒಂದು ಸದ್ದೂ ಬರಬಾರದು. ಅದು ಅವರ ಹೊತ್ತು. ಸೌಂಡ್ ಚೆಕ್ ಏನಿದ್ದರೂ ಅದಕ್ಕೆ ಮುಂಚೆ ಮುಗಿಯಬೇಕು.

ಈ ಲೆಕ್ಕಾಚಾರ ಆರ್ಕೆಸ್ಟ್ರಾದ ಕಾಲದಿಂದ ಬಂದದ್ದು. ಗಣೇಶನ ಪೆಂಡಾಲು, ಅಣ್ಣಮ್ಮನ ಉತ್ಸವ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ ಅಂತ ರಿದಂ ಪ್ಯಾಡ್ ಬಾರಿಸಿಕೊಂಡಿದ್ದ ನನ್ನಂಥವರು ಡಿಜೆ ಕೆಲಸಕ್ಕೆ ಬಂದದ್ದು ಒಂದೇ ದಿನದಲ್ಲಲ್ಲ. ಮೊದಲು ಹದಿನಾಲ್ಕು ಜನರ ತಂಡವಿತ್ತು. ಬೇಸ್ ಗಿಟಾರ್, ವಯಲಿನ್, ಟ್ರಂಪೆಟ್ಟಿನ ಕೆಲಸವನ್ನೆಲ್ಲ ಒಂದು ಕೀಬೋರ್ಡ್ ಮಾಡತೊಡಗಿದಾಗ ತಂಡ ಆರಕ್ಕೆ ಇಳಿಯಿತು. ಆಮೇಲೆ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ವಾದ್ಯಸಂಗೀತ, ಹಾಕಿಕೊಂಡು ಹಾಡುವುದು ಬಂತು, ಇಬ್ಬರು ಗಾಯಕರು ಮತ್ತು ಒಂದು ಲ್ಯಾಪ್‌ಟಾಪ್ ಸಾಕಾಯಿತು. 2020ರಲ್ಲಿ ಮದುವೆಗೆ 50 ಜನ ಮಾತ್ರ ಅಂತ ಮಿತಿ ಬಂದಾಗ ಆರ್ಕೆಸ್ಟ್ರಾ ಕರೆಸುವ ಮಾತೇ ನಿಂತುಹೋಯಿತು. ನಮ್ಮವರನ್ನು ಲೆಕ್ಕಕ್ಕೆ ಹಿಡಿದರೆ ನೆಂಟರಿಗೆ ಜಾಗವೆಲ್ಲಿ? ಒಬ್ಬ ಡಿಜೆ, ಒಬ್ಬ ಹುಡುಗ ಆದರೆ ನಡೆಯುತ್ತಿತ್ತು. ಲಯ, ಶ್ರುತಿ, ಜನರ ಮುಖ ನೋಡಿ ಮುಂದಿನ ಹಾಡು ಆರಿಸುವುದು, ಇವಿಷ್ಟು ಮೊದಲೇ ಕೈಯಲ್ಲಿದ್ದವು. ಹೊಸದಾಗಿ ಕಲಿಯಬೇಕಾಗಿ ಬಂದದ್ದು ಕರೆಂಟು. ವೇದಿಕೆಯ ಮೇಲೆ ಅಷ್ಟು ವರ್ಷ ಇದ್ದರೂ ಅದು ಮೈಕ್‌ಸೆಟ್ಟಿನವರ ಪಾಡು ಅಂತ ಬಿಟ್ಟುಬಿಟ್ಟಿದ್ದೆವು.

ಆದ್ದರಿಂದ ಛತ್ರಕ್ಕೆ ಹೋದ ಕೂಡಲೇ ಸ್ಪೀಕರ್ ಬಿಚ್ಚುವುದಿಲ್ಲ, ಮೊದಲು ಮಲ್ಟಿಮೀಟರ್ ಹೊರಗೆ ಬರುತ್ತೆ. ಸಾಕೆಟ್ಟಿನಲ್ಲಿ ಕರೆಂಟು ಬರುವ ಫೇಸ್ ಮತ್ತು ವಾಪಸು ಹೋಗುವ ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಅದಕ್ಕಿಂತ ಮುಖ್ಯವಾದ ಅಳತೆ ನ್ಯೂಟ್ರಲ್ ಮತ್ತು ಅರ್ಥಿನ (ರಕ್ಷಣೆಗೆ ಅಂತ ನೆಲಕ್ಕೆ ಇಳಿಸಿದ ವೈರು) ನಡುವಿನದು. ಎರಡು ಮೂರು ವೋಲ್ಟಿನೊಳಗಿದ್ದರೆ ನೆಮ್ಮದಿ. ಅವತ್ತು ವೇದಿಕೆಯ ಎಡಗಡೆ ಸಾಕೆಟ್ಟಿನಲ್ಲಿ 9 ಬಂತು. ಹಿಂದೆ ಹೋಗಿ ನೋಡಿದರೆ ಐಸ್‌ಕ್ರೀಮ್ ಫ್ರೀಜರ್, ಹೂವಿನ ಅಲಂಕಾರದ ಲೈಟು ಎಲ್ಲವೂ ಅದೇ ಲೈನಿನ ಮೇಲೆ. ಒಂದು 16 ಆಂಪ್ ಸಾಕೆಟ್ ಕೊಡಬಲ್ಲದ್ದು ಹೆಚ್ಚೆಂದರೆ 3,680 ವ್ಯಾಟ್. ಅದರಲ್ಲಿ ಫ್ರೀಜರಿಗೂ ನಮ್ಮ 18 ಇಂಚಿನ ಎರಡು ಬೇಸ್ ಸ್ಪೀಕರು, ಅಂದರೆ ಸಬ್‌ಗಳಿಗೂ ಪಾಲು ಮಾಡುವುದು ಬುದ್ಧಿವಂತಿಕೆಯಲ್ಲ.

ಛತ್ರದ ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ಯಾನೆಲ್ ಬೋರ್ಡಿನಿಂದಲೇ ಬೇರೆ ಲೈನ್ ತೆಗೆಸಿದೆವು. ಇದಕ್ಕೆ ಅಂತಲೇ 30 ಮೀಟರಿನ ಮೂರು ಕೋರ್ ಕೇಬಲ್ ಗಾಡಿಯಲ್ಲಿರುತ್ತೆ, 2.5 ಚದರ ಮಿಲಿಮೀಟರಿನದು. 10 ಆಂಪ್ ಎಳೆದರೆ ಅದರಲ್ಲಿ ನಾಲ್ಕೂವರೆ ವೋಲ್ಟಿನಷ್ಟು ಬೀಳುತ್ತೆ. ದುಡ್ಡು ಉಳಿಸಲು 1 ಚದರ ಮಿಲಿಮೀಟರಿನದು ತಂದರೆ ಹನ್ನೊಂದು ವೋಲ್ಟಿನಷ್ಟು ಹೋಗುತ್ತೆ, ಕೇಬಲ್ಲೂ ಬಿಸಿಯಾಗುತ್ತೆ. ಇನ್ನೊಂದು ಮಾತು: ಅರ್ಧ ಕೇಬಲ್ ಸಾಕಾದರೂ ಪೂರ್ತಿ ಬಿಚ್ಚಿ ಹರಡಬೇಕು. ಸುರುಳಿಯಲ್ಲೇ ಬಿಟ್ಟರೆ ಶಾಖ ಹೊರಗೆ ಹೋಗದೆ ಮೇಲಿನ ಪ್ಲಾಸ್ಟಿಕ್ ಕರಗುತ್ತೆ.

ಸ್ಪೀಕರ್ ಜೋಡಣೆಯಲ್ಲಿ ಒಂದು ವಿಷಯಕ್ಕೆ ಮನೆಯವರ ಜೊತೆ ಸ್ವಲ್ಪ ವಾದವಾಗುತ್ತೆ. ನೋಡಲು ಚೆಂದ ಅಂತ ಸಬ್‌ಗಳನ್ನು ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಇಡಿ ಅನ್ನುತ್ತಾರೆ. 80 ಹರ್ಟ್ಸ್, ಅಂದರೆ ಸೆಕೆಂಡಿಗೆ 80 ಸಲ ಕಂಪಿಸುವ ಸದ್ದಿನ ಅಲೆಯ ಉದ್ದ ಸುಮಾರು 4.3 ಮೀಟರ್. ಕೂತವರಿಗೆ ಒಂದು ಸಬ್ ಇನ್ನೊಂದಕ್ಕಿಂತ ಅದರ ಅರ್ಧದಷ್ಟು, ಅಂದರೆ ಎರಡು ಮೀಟರ್ ಚಿಲ್ಲರೆ ದೂರವಾದರೆ ಆ ಸದ್ದು ಒಂದನ್ನೊಂದು ನುಂಗಿಹಾಕುತ್ತೆ. ಒಂದು ಕುರ್ಚಿಯಲ್ಲಿ ಎದೆ ಗುದ್ದುವ ಬೇಸ್, ನಾಲ್ಕು ಕುರ್ಚಿ ಆಚೆ ಏನೂ ಇಲ್ಲ. ಎರಡನ್ನೂ ಒಂದೇ ಕಡೆ ಮಗ್ಗುಲಲ್ಲಿ ಇಟ್ಟರೆ ಈ ತೊಂದರೆಯಿಲ್ಲ. ಮೇಲಿನ ಸ್ಪೀಕರ್‌ಗಳನ್ನು ಏಳು ಅಡಿ ಎತ್ತರಕ್ಕೆ ಏರಿಸಿದೆವು. ಮುಂದಿನ ಸಾಲಿನಲ್ಲಿ ಕೂರುವವರು ಯಾವಾಗಲೂ ವಯಸ್ಸಾದವರೇ, ಸದ್ದು ಅವರ ತಲೆಯ ಮೇಲಿಂದ ಹಾದುಹೋಗಬೇಕು. ಗ್ರಾನೈಟ್ ನೆಲ, ಬರೀ ಗೋಡೆ ಇರುವ ಹಾಲಿನಲ್ಲಿ ಮಾತು ಕಲಸಿಹೋಗುತ್ತೆ. 250 ಹರ್ಟ್ಸಿನ ಸುತ್ತಮುತ್ತ ಸ್ವಲ್ಪ ತಗ್ಗಿಸಿದರೆ ಬಿಡಿಸಿಕೊಳ್ಳುತ್ತೆ.

ನಾಲ್ಕಕ್ಕೆ ಎಲ್ಲ ಸರಿಯಾಗಿತ್ತು. ಆರೂವರೆಗೆ, ವಾಲಗ ಮುಗಿದು ಸ್ಪೀಕರ್ ಹಾಕಿದರೆ ಗುಂಯ್ ಅನ್ನುವ ಸದ್ದು. ಕೀಬೋರ್ಡಿನ ಜಿ ಸ್ವರಕ್ಕಿಂತ ಸ್ವಲ್ಪ ಮೇಲೆ, ಯಾರೋ ಶ್ರುತಿ ತಪ್ಪಿದ ತಂಬೂರಿ ಮೀಟುತ್ತಾ ಕೂತ ಹಾಗೆ. ಕೆಳಗಿನ ಜಿ 49 ಹರ್ಟ್ಸ್, ನಮ್ಮ ಕರೆಂಟು 50. ಹಾಗಾಗಿ ಈ ಸ್ವರ ಕೇಳಿದ ಕೂಡಲೇ ಕಿವಿಗೆ ಗೊತ್ತಾಗುತ್ತೆ, ಇದು ಸ್ಪೀಕರಿನ ದೋಷವಲ್ಲ, ಅರ್ಥಿನದು ಅಂತ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಬೇಕು. ಮುಕ್ಕಾಲುಪಾಲು ಸಲ ಅಲ್ಲೇ ನಿಲ್ಲುತ್ತೆ. ಅವತ್ತು ನಿಲ್ಲಲಿಲ್ಲ. ಆಮೇಲೆ ಮಿಕ್ಸರಿಗೆ (ಎಲ್ಲ ಸದ್ದನ್ನೂ ಸೇರಿಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ) ಬಂದು ಹೋಗುವ ವೈರುಗಳನ್ನು ಒಂದೊಂದೇ ಕೀಳಬೇಕು. ಐದನೆಯದನ್ನು ಕಿತ್ತಾಗ ನಿಶ್ಶಬ್ದ. ಸೌಂಡ್ ಚೆಕ್ ಆದ ಮೇಲೆ ಬಂದ ವಿಡಿಯೋದವರು ರೆಕಾರ್ಡಿಂಗಿಗೆ ನಮ್ಮ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೊಂಡಿದ್ದರು. ಅವರ ಮೆಷಿನ್ನಿಗೆ ಕರೆಂಟು ಬಂದದ್ದು ಅದೇ ಎಡಗಡೆ ಸಾಕೆಟ್ಟಿನಿಂದ. ಎರಡು ಕಡೆಯ ಅರ್ಥ್ ಆಡಿಯೋ ವೈರಿನ ಮೂಲಕ ಸೇರಿ ಒಂದು ಸುತ್ತು ಆಗಿತ್ತು. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ, ಸದ್ದನ್ನು ಮಾತ್ರ ದಾಟಿಸಿ ಅರ್ಥಿನ ಕೊಂಡಿ ಕಳಚುವ ಡಿಐ ಬಾಕ್ಸ್ ಹಾಕಿ, ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದ ಮೇಲೆ ಸರಿಹೋಯಿತು. ಅಂಗೈಯಗಲದ ಪೆಟ್ಟಿಗೆ ಅದು, ಗಾಡಿಯಲ್ಲಿ ಎರಡು ಇರಲೇಬೇಕು.

ಕೆಲವರು ಈ ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ಮುರಿಯುತ್ತಾರೆ. ಸದ್ದು ನಿಲ್ಲುವುದು ನಿಜ. ಆದರೆ ಒಳಗೆ ಎಲ್ಲಾದರೂ ಫೇಸ್ ತಗುಲಿದರೆ ಆ ಕರೆಂಟು ಮೈಕ್ ಹಿಡಿದು ಬಾಯಿಗಿಟ್ಟುಕೊಂಡವರ ಮೂಲಕವೇ ಹರಿಯುತ್ತೆ. ದಯವಿಟ್ಟು ಯಾರೂ ಮಾಡಬೇಡಿ.

ಎಂಟೂಕಾಲಿಗೆ ಕರೆಂಟ್ ಹೋಯಿತು, ಜನರೇಟರ್ ಹಿಡಿಯಲು ಹತ್ತು ಹದಿನೈದು ಸೆಕೆಂಡ್. ಮಿಕ್ಸರ್ ಮತ್ತು ಹಾಡು ನಡೆಸುವ ಕಂಟ್ರೋಲರ್, ಎರಡೂ ಕಂಪ್ಯೂಟರಿಗೆ ಹಾಕುವಂಥ 600 ವಿಎ ಯುಪಿಎಸ್ ಮೇಲಿದ್ದವು. ಸ್ಪೀಕರ್ ಮಾತ್ರ ಆಫ್ ಆಗಿ ಆನ್ ಆದವು. ಮಿಕ್ಸರೂ ಅವುಗಳ ಜೊತೆಗೇ ಆನ್ ಆಗಿದ್ದರೆ ಢಬ್ ಅನ್ನುವ ಹೊಡೆತ ಬಿದ್ದು ಕೋನ್ ಹಾಳಾಗಬಹುದಿತ್ತು. ಹಾಕುವಾಗ ಸ್ಪೀಕರ್ ಕೊನೆಗೆ, ತೆಗೆಯುವಾಗ ಸ್ಪೀಕರ್ ಮೊದಲು.

ಅಷ್ಟರಲ್ಲಿ ಹುಡುಗಿಯ ತಾತ ಬಂದರು. "ಏನಪ್ಪಾ, ನಮ್ಮ ಕಾಲದ್ದು ಒಂದೆರಡು ಹಾಕಪ್ಪ."

"ಹಾಕ್ತೀನಿ ಯಜಮಾನ್ರೇ, ಕೂತ್ಕೊಳ್ಳಿ."

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಭಾಗ ಇದು. ಎಪ್ಪತ್ತರ ದಶಕದ ಹಾಡುಗಳಲ್ಲಿ ವಾದ್ಯದವರೆಲ್ಲ ಸ್ಟುಡಿಯೋದಲ್ಲಿ ಒಟ್ಟಿಗೆ ಕೂತು ನುಡಿಸಿದ್ದಾರೆ, ಮೆಷಿನ್ ತಾಳ ಇಟ್ಟುಕೊಂಡಲ್ಲ. ಪಲ್ಲವಿ ನಿಮಿಷಕ್ಕೆ 112 ಏಟಿನಲ್ಲಿ ಇದ್ದರೆ ಚರಣಕ್ಕೆ ಬರುವಾಗ 116 ಆಗಿರಬಹುದು. ಕೇಳುವವರಿಗೆ ಅದು ಗೊತ್ತಾಗುವುದಿಲ್ಲ, ಹಾಡು ಹುರುಪಾಯಿತು ಅನಿಸುತ್ತೆ ಅಷ್ಟೆ. ಆದರೆ ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ನಂಬಿ ಅದರ ಮೇಲೆ ಇನ್ನೊಂದು ಹಾಡು ಕೂರಿಸಿದರೆ 32 ಏಟು ಮುಗಿಯುವುದರೊಳಗೆ ಒಂದು ಪೂರ್ತಿ ಏಟಿಗಿಂತ ಹೆಚ್ಚು ಅಂತರ ಬಿದ್ದಿರುತ್ತೆ. ಎರಡು ತಂಡಗಳು ಜಗಳವಾಡಿದ ಹಾಗೆ ಕೇಳುತ್ತೆ. ನಾವು ಸಿಕ್ಸ್-ಎಯ್ಟ್ ಅನ್ನುವ ಟಪ್ಪಾಂಗುಚ್ಚಿ ನಡೆಯಲ್ಲಿ ಮೋಸ ಇನ್ನೂ ದೊಡ್ಡದು. ಕೈ 90ಕ್ಕೆ ತಟ್ಟುವ ಹಾಡನ್ನು ಸಾಫ್ಟ್‌ವೇರ್ 135 ಅಂತ ಬರೆದುಕೊಂಡಿರುತ್ತೆ, ಸರಿಯಾಗಿ ಒಂದೂವರೆ ಪಟ್ಟು.

ಇಂಥ ಹಾಡುಗಳನ್ನು ಬೆಸೆಯಲು ಹೋಗಬಾರದು. ಪಲ್ಲವಿಯ ಸಾಲು ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಇಳಿಯುವ ತನಕ ಬಿಟ್ಟು, ಆ ಏಟಿಗೇ ಮುಂದಿನ ಹಾಡಿನ ಬಿಜಿಎಂ (ವಾದ್ಯಗಳ ಭಾಗ) ಎತ್ತಬೇಕು. ಆರ್ಕೆಸ್ಟ್ರಾದಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದದ್ದೂ ಹೀಗೆಯೇ. ವೇಗ ಸೇರಿಸುವ ಆಸೆಗೆ ಹಾಡನ್ನು ಎಳೆಯುವುದೂ ಬೇಡ. ವೇಗ ಬದಲಾದರೂ ಶ್ರುತಿ ಹಿಡಿದಿಡುವ ಕೀ ಲಾಕ್ ಇಲ್ಲದೆ 6 ಶೇಕಡಾ ಏರಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಮನೆ, ಅಂದರೆ ಕೀಬೋರ್ಡಿನ ಪಕ್ಕದ ಕೀಲಿಯಷ್ಟು, ಮೇಲೇರುತ್ತೆ. 3 ಶೇಕಡಾ ಏರಿಸಿದರೆ ಎರಡು ಮನೆಯ ನಡುವೆ, ಯಾವ ಸ್ವರಕ್ಕೂ ಸೇರದೆ ನಿಲ್ಲುತ್ತೆ. ಕೀ ಲಾಕ್ ಹಾಕಿ ಹೆಚ್ಚು ಎಳೆದರೆ ಕೊಳಲು, ದನಿ ಎರಡೂ ಒಡೆದ ಹಾಗೆ ಆಗುತ್ತವೆ.

ತಾತನ ಹಾಡಿಗೆ ಮುಂದಿನ ಎರಡು ಸಾಲು ಎದ್ದು ನಿಂತಿತು. ನಡೆ ಏರಿದಲ್ಲಿ ಅವರ ಕೈ ತಟ್ಟುವುದೂ ತಾನಾಗಿ ಏರಿತು.

ಹತ್ತು ಗಂಟೆಗೆ ನಿಲ್ಲಲೇಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. "ಇನ್ನೊಂದೇ ಹಾಡು" ಅನ್ನುವ ಒತ್ತಾಯ ತಪ್ಪಿಸಲು ಮುಂಗಡ ತೆಗೆದುಕೊಳ್ಳುವ ದಿನವೇ ಚೀಟಿಯಲ್ಲಿ ಏಳರಿಂದ ಹತ್ತು ಅಂತ ಬರೆದಿರುತ್ತೇವೆ. 9:40ರಿಂದಲೇ ಬೇಸ್ ತಗ್ಗಿಸುತ್ತಾ ಬಂದು ಕೊನೆಗೆ ಮೆಲೊಡಿಗೆ ಇಳಿಸಿದರೆ ಜನ ತಾವಾಗಿ ಊಟದ ಹಾಲಿನ ಕಡೆ ಹೋಗುತ್ತಾರೆ. ಹಾಡಿನ ಹಕ್ಕಿನ ವಿಷಯವನ್ನೂ ಇಲ್ಲೇ ಹೇಳಬೇಕು. ಮದುವೆಯ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಿಗೆ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಕಂಪನಿ ಪಾರ್ಟಿ, ಹೋಟೆಲಿನ ಹೊಸ ವರ್ಷದ ಕಾರ್ಯಕ್ರಮಕ್ಕೆ ಅದು ಅನ್ವಯಿಸದು, ಲೈಸೆನ್ಸ್ ಬೇಕು. ಅದನ್ನು ಯಾರು ತೆಗೆಯುತ್ತಾರೆ ಅನ್ನುವುದೂ ಮೊದಲೇ ಚೀಟಿಯಲ್ಲಿರಲಿ.

ಕೇಬಲ್ಲುಗಳನ್ನು ಮೊಣಕೈಗೆ ಸುತ್ತದೆ, ಒಂದು ಸುತ್ತು ಮೇಲಿಂದ ಇನ್ನೊಂದು ಸುತ್ತು ಕೆಳಗಿಂದ ಸುತ್ತಿ ಕಟ್ಟಿದೆವು. ಒಳಗಿನ ತಾಮ್ರ ತಿರುಚಿಕೊಳ್ಳುವುದಿಲ್ಲ. ಒಂದು ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ) ಕೇಬಲ್ ಅಲುಗಿಸಿದರೆ ಕರಕರ ಅನ್ನುತ್ತಿತ್ತು, ಅದಕ್ಕೆ ಕೆಂಪು ಟೇಪ್ ಬಿತ್ತು. ಅಂಥವೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂತು ಆಷಾಢಕ್ಕೆ ಕಾಯುತ್ತವೆ. ಮದುವೆಯಿಲ್ಲದ ಆ ತಿಂಗಳಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ಕನೆಕ್ಟರ್ ತಂದು ಬೆಸುಗೆ ಹಾಕುವ ಕೆಲಸ. ವೈರ್‌ಲೆಸ್ ಮೈಕಿನ ಸೆಲ್ ತೆಗೆದು, ಗಾಡಿ ಹತ್ತುವ ಮುಂಚೆ ಛತ್ರಗಳ ಪುಸ್ತಕದಲ್ಲಿ ಬರೆದದ್ದು ಇಷ್ಟು: "ಎಡಗಡೆ ಸಾಕೆಟ್ ಬೇಡ, ಫ್ರೀಜರ್ ಲೈನ್. ಪ್ಯಾನೆಲ್‌ನಿಂದ 30 ಮೀಟರ್ ಸಾಲುತ್ತೆ. ಲಿಫ್ಟ್ ಇಲ್ಲ, ಸಬ್ ಹೊರಲು ಮೂರು ಜನ. ವಿಡಿಯೋದವರಿಗೆ ಡಿಐ ಮೊದಲೇ ಕೊಡಿ."