ಮೂರು ಓಎಸ್ಸಲ್ಲೂ ಎಲ್ಲಾ ಟೆಸ್ಟ್ ಯಾಕೆ ಓಡಿಸ್ಬೇಕು?

ನಾವು ಚಿಕ್ಕಮಗಳೂರಲ್ಲೇ ಕೂತು ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾರ್ಖಾನೆಗಳಿಗೆ) ಸಾಫ್ಟ್‌ವೇರ್ ಮಾಡೋ ಸಣ್ಣ ಟೀಮು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಎಷ್ಟು ಬಂತು, ಚೆರ್ರಿ (ಹಣ್ಣನ್ನ ಹಂಗೇ ಒಣಗಿಸಿದ್ದು) ಎಷ್ಟು, ಔಟ್‌ಟರ್ನ್ (ಅದ್ರಿಂದ ಸಿಗೋ ಬೀಜದ ಪ್ರಮಾಣ) ಎಷ್ಟು ಬಿತ್ತು ಅಂತ ಲೆಕ್ಕ ಇಡೋ ಪೈಥಾನ್ ಅಪ್ಲಿಕೇಶನ್. ತೂಕದ ಚೀಟಿ ಹಾಕೋ ಕಡೆ ವಿಂಡೋಸ್, ಓನರ್‌ಗಳ ಹತ್ರ ಮ್ಯಾಕ್, ಸರ್ವರ್ರು ಲಿನಕ್ಸು. ಹಂಗಾಗಿ ಒಂದು ಲೈನ್ ಬದ್ಲಾಯಿಸಿದ್ರೂ ಮೂರು ಕಡೆನೂ ಎಲ್ಲಾ ಟೆಸ್ಟೂ (ಕೋಡ್ ಸರಿಯಿದ್ಯಾ ಅಂತ ತಾನಾಗೇ ನೋಡೋ ಸಣ್ಣ ಪ್ರೋಗ್ರಾಂಗಳು) ಓಡೋದು, ಲಿನಕ್ಸಲ್ಲಿ ಕಾಫಿ ಕುಡ್ದು ಬರೋಷ್ಟರಲ್ಲಿ ಮುಗ್ದಿರ್ತಿತ್ತು, ವಿಂಡೋಸಲ್ಲಿ ಮುಕ್ಕಾಲು ಗಂಟೆ ಆದ್ರೂ ಓಡ್ತಾನೇ ಇರೋದು.

"ದೊಡ್ಡ ಮಷಿನ್ ತಗೊಂಬಿಡಣ ಸಾರ್" ಅಂದ ಜೊತೆಗಿರೋ ಹುಡ್ಗ. ಮೊದ್ಲು ಟೈಮ್ ಎಲ್ಲಿ ಹೋಗ್ತಿದೆ ನೋಡಣ ಅಂತ ಟೆಸ್ಟ್ ಓಡಿಸೋ ಟೂಲ್ ಪೈಟೆಸ್ಟಲ್ಲಿ, ಯಾವ ಟೆಸ್ಟ್‌ಗೆ ಎಷ್ಟು ಹೊತ್ತು ಅಂತ ತೋರಿಸೋ ಡ್ಯುರೇಶನ್ಸ್ ಆಪ್ಶನ್ ಹಾಕಿ ಓಡಿಸಿದ್ವಿ. ಲೆಕ್ಕ ಮಾಡೋ ಟೆಸ್ಟ್‌ಗಳು ಎಲ್ಲಾ ಕಡೆನೂ ಸರಸರ ಮುಗೀತಿದ್ವು. ನಿಧಾನ ಆಗ್ತಿದ್ದಿದ್ದು ಅಪ್ಲಿಕೇಶನ್‌ನ ಪ್ರತಿ ಸಲ ಹೊಸ ಪ್ರೊಸೆಸ್ (ಓಎಸ್ ಬೇರೆಯಾಗೇ ಓಡಿಸೋ ಪ್ರೋಗ್ರಾಂ) ಆಗಿ ಶುರು ಮಾಡೋ ಟೆಸ್ಟ್‌ಗಳು. ಲಿನಕ್ಸಲ್ಲಿ ಹೊಸ ಪ್ರೊಸೆಸ್ ಅಂದ್ರೆ ಹಗುರ, ವಿಂಡೋಸಲ್ಲಿ ಅದೇ ಭಾರದ ಕೆಲ್ಸ, ಅದ್ರ ಮೇಲೆ ವಿಂಡೋಸಿನ ಆಂಟಿವೈರಸ್ ಡಿಫೆಂಡರ್ ಬೇರೆ ತೆಗೆದ ಫೈಲ್‌ಗಳನ್ನೆಲ್ಲಾ ಸ್ಕ್ಯಾನ್ ಮಾಡ್ಕೊಂಡು ಕೂರುತ್ತೆ. ಅದಕ್ಕೇ ಅಂಥ ಟೆಸ್ಟ್‌ಗಳಲ್ಲಿ ಮುಕ್ಕಾಲುಪಾಲು ಅದೇ ಪ್ರೊಸೆಸ್ ಒಳಗೆ ಫಂಕ್ಷನ್ ಕರೆಯೋ ಹಂಗೆ ಬದ್ಲಾಯಿಸಿದ್ವಿ, ನಿಜವಾಗ್ಲೂ ಶುರು ಮಾಡಿ ನೋಡೋದು ನಾಲ್ಕೈದು ಉಳಿಸ್ಕೊಂಡ್ವಿ. ಡೇಟಾಬೇಸ್ ಫೈಲ್ ಕಾಪಿ ಮಾಡೋದು ಬಿಟ್ಟು ಎಸ್‌ಕ್ಯೂಲೈಟ್‌ನ ಮೆಮೊರಿಯಲ್ಲೇ ಓಡಿಸಿದ್ವಿ.

ಪ್ಯಾರಲಲ್ ಮಾಡಿದ್ರೆ ಆಯ್ತಲ್ಲ ಅಂತೀರಾ? ಟೆಸ್ಟ್‌ಗಳನ್ನ ಹಲವು ವರ್ಕರ್ ಪ್ರೊಸೆಸ್‌ಗಳಿಗೆ ಹಂಚೋ ಪೈಟೆಸ್ಟ್ ಪ್ಲಗಿನ್ ಎಕ್ಸ್‌ಡಿಸ್ಟ್ ಹಾಕಿದ್ವಿ, ಉಪಯೋಗ ಆಯ್ತು, ಆದ್ರೆ ಪ್ರತಿ ವರ್ಕರೂ ಎಲ್ಲಾ ಟೆಸ್ಟ್‌ನ ಮೊದ್ಲಿಂದ ಹುಡುಕಿ ಪಟ್ಟಿ ಮಾಡುತ್ತೆ, ವರ್ಕರ್ ಏರಿಸ್ತಾ ಹೋದಂಗೆಲ್ಲಾ ಸ್ಪೀಡ್ ಏರಲ್ಲ.

ದೊಡ್ಡ ಉಳಿತಾಯ ಆಗಿದ್ದು ಬೇರೆ ಕಡೆ. ಔಟ್‌ಟರ್ನ್ ಪರ್ಸೆಂಟೇಜ್ ಮ್ಯಾಕಲ್ಲಿ ಬೇರೆ, ವಿಂಡೋಸಲ್ಲಿ ಬೇರೆ ಬರಲ್ವಲ್ಲ! ಫೈಲು, ಪಾತ್, ಪ್ರಿಂಟರ್ರು, ಪ್ರೊಸೆಸ್ಸು, ಎನ್‌ಕೋಡಿಂಗು (ಅಕ್ಷರನ ಬೈಟ್‌ಗಳಾಗಿ ಬರೆಯೋ ರೀತಿ), ಇವನ್ನ ಮುಟ್ಟೋ ಟೆಸ್ಟ್‌ಗಳಿಗೆ ಮಾತ್ರ ಮಾರ್ಕರ್ (ಪೈಟೆಸ್ಟಿನ ಗುರುತು ಚೀಟಿ) ಹಾಕಿ, ಅವನ್ನಷ್ಟೇ ಪ್ರತಿ ಬದಲಾವಣೆಗೂ ಮೂರು ಕಡೆ ಓಡಿಸ್ತೀವಿ. ಮಿಕ್ಕಿದ್ದು ಲಿನಕ್ಸಲ್ಲಿ ಮಾತ್ರ, ರಾತ್ರಿ ಒಂದ್ಸಲ ಎಲ್ಲಾ ಕಡೆ ಎಲ್ಲಾ. ಈಗ ವಿಂಡೋಸ್ ಹತ್ತು ನಿಮಿಷದೊಳಗೆ ಮುಗಿಯುತ್ತೆ.

ಮಾರ್ಕರ್ ಹಾಕೋದ್ರಲ್ಲಿ ಜಿಪುಣತನ ಮಾತ್ರ ಬೇಡ. ಬೆಳೆಗಾರರ ಹೆಸರು ಕನ್ನಡದಲ್ಲಿರೋ ಯುಟಿಎಫ್-8 (ಎಲ್ಲಾ ಭಾಷೆ ಅಕ್ಷರಕ್ಕೂ ಆಗೋ ಎನ್‌ಕೋಡಿಂಗ್) ಫೈಲ್‌ನ ಎನ್‌ಕೋಡಿಂಗ್ ಹೇಳ್ದೆ ಓಪನ್ ಮಾಡಿದ್ರೆ ಲಿನಕ್ಸು, ಮ್ಯಾಕಲ್ಲಿ ಸಲೀಸಾಗಿ ಓದುತ್ತೆ, ನಮ್ಮ ಇಂಗ್ಲಿಷ್ ಸೆಟ್ಟಿಂಗ್ ವಿಂಡೋಸಲ್ಲಿ 3.14ರವರೆಗಿನ ಪೈಥಾನ್ ಅದನ್ನ ಸಿಪಿ1252 (ಕನ್ನಡ ಗೊತ್ತಿಲ್ದಿರೋ ವಿಂಡೋಸಿನ ಹಳೇ ಎನ್‌ಕೋಡಿಂಗ್) ಅಂದ್ಕೊಳ್ಳುತ್ತೆ. ಮಜಾ ಏನಂದ್ರೆ "ರವಿ" ಅಂತಿದ್ರೆ ಬರೀ ಗೀಚಿದಂಗೆ ಕಾಣುತ್ತೆ, "ಕೃಷ್ಣಪ್ಪ" ಬಂದ್ರೆ ನೇರ ಎರರ್ರೇ, ಯಾಕಂದ್ರೆ ಒತ್ತಕ್ಷರಕ್ಕೆ ಬೇಕಾದ ಹಲಂತದ ಯುಟಿಎಫ್-8 ಕೊನೇ ಬೈಟ್ 8ಡಿ, ಅದಕ್ಕೆ ಸಿಪಿ1252ರಲ್ಲಿ ಅಕ್ಷರನೇ ಇಲ್ಲ. ಟೆಸ್ಟ್ ಡೇಟಾದಲ್ಲಿ ಹೆಸರೆಲ್ಲಾ ಇಂಗ್ಲಿಷಲ್ಲಿದ್ರೆ ಇದು ಮೂರು ಕಡೆ ಓಡಿಸಿದ್ರೂ ಸಿಗಲ್ಲ.

ಮ್ಯಾಕ್‌ಓಎಸ್‌ನ ಆಪಲ್ ಮಷಿನ್ ಬಿಟ್ಟು ಬೇರೆ ಕಡೆ ಓಡಿಸೋಕೆ ಅವ್ರ ಲೈಸೆನ್ಸ್ ಒಪ್ಪಲ್ಲ, ಹಂಗಾಗಿ ಆಫೀಸಲ್ಲಿ ಒಂದೇ ಮ್ಯಾಕ್ ಮಿನಿ ಇಟ್ಟಿದೀವಿ. ಮೊದ್ಲು ಅದ್ರ ಮುಂದೆ ಕ್ಯೂ ಇರ್ತಿತ್ತು, ಈಗಿಲ್ಲ. ಹೊಸ ಕೋಡಲ್ಲಿ ಫೈಲ್ ತೆಗೆಯೋ ಓಪನ್ನೋ ಹೊಸ ಪ್ರೊಸೆಸ್ ಶುರು ಮಾಡೋ ಸಬ್‌ಪ್ರೊಸೆಸ್ಸೋ ಕಂಡು ಅದ್ರ ಟೆಸ್ಟ್‌ಗೆ ಮಾರ್ಕರ್ ಇಲ್ದಿದ್ರೆ ರಿವ್ಯೂಲೇ ವಾಪಸ್ ಕಳಿಸ್ತೀವಿ.